ಕ್ಯಾಪ್ಟನ್ ಥಾರ್ನ್ ಕೊಟ್ಟ ಮಾತು

೧
"ನಿನ್ನ ಮಗನನ್ನು ನಿನಗೇ ಮರಳಿಸುತ್ತೇನೆ" ಎಂದು ಕ್ಯಾಪ್ಟನ್ ಥಾರ್ನ್ ಆ ತಾಯಿಗೆ ಮಾತು ಕೊಟ್ಟಿದ್ದ. ಹತ್ತೊಂಬತ್ತನೆಯ ಶತಮಾನದ ಅಮೆರಿಕ. ಇವನು ಸೈನ್ಯ ಬಿಟ್ಟು ಶಾಲೆ ತೆರೆದ ಸುಧಾರಕ. ಹುಡುಗ ಅಲ್ಲಿಯ ಮೂಲನಿವಾಸಿ. ಕಥೆ ಇಲ್ಲಿಂದಲೇ ಶುರುವಾಗಬೇಕೇ? (ಕುದುರೆಯಿಂದ ಶುರುವಾದ ಕರಡು ಕಸದ ಬುಟ್ಟಿಯಲ್ಲಿದೆ. ಕಾಮಾಕ್ಷಿ ಕಂಡದ್ದು ಧಾರವಾಡದ ಟಾಂಗಾ ಕುದುರೆ ಮಾತ್ರ.)

೨
ಬರೆಯುತ್ತಿರುವವಳು ಅವಳೇ. ೧೯೯೯, ಲಂಡನ್ನಿನ ಕ್ರೋಯ್ಡನ್, ಲಿಫ್ಟ್ ಕೆಟ್ಟ ಕಟ್ಟಡದ ನಾಲ್ಕನೇ ಮಹಡಿ. ಪಾರ್ಕ್ ರಾಯಲ್‌ನ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ, ನೂರಾರು ಸ್ಯಾಂಡ್‌ವಿಚ್ ಕಟ್ಟಿ ಬಂದ ಕೈ. ಇನ್ನೂ ಮೊಟ್ಟೆಯ ವಾಸನೆ. ಓದುಗರೇ, ಇಂಥ ಕೈಯಿಂದ ಮಹಾಪುರುಷನ ಚರಿತ್ರೆ ಹೇಗೆ ಬರುತ್ತದೋ ಹಾಗೆ ಬರುತ್ತದೆ.

೩
ಕ್ಯಾಪ್ಟನ್ ಒಳ್ಳೆಯವನೇ. ಸೋತವರನ್ನು ಕೊಂದು ಕೊಂದು ಸಾಕಾಗಿ, ಅವರ ಮಕ್ಕಳನ್ನಾದರೂ ಉಳಿಸೋಣ ಎಂದುಕೊಂಡ. ಕೂದಲು ಕತ್ತರಿಸಿದ. ಬೂಟು ತೊಡಿಸಿದ. ತಾಯ್ನುಡಿ ಆಡಿದವರ ಊಟ ತಪ್ಪಿಸಿದ.

"ಪಾಪಿ ಅದೀ ನೀ," ಎಂದಳು ಕಾಮಾಕ್ಷಿ, ಬರೆಯುವುದನ್ನು ನಿಲ್ಲಿಸಿ.

"ಮೇಡಂ," ಎಂದ ಕ್ಯಾಪ್ಟನ್ (ಅವನಿಗೆ ಕನ್ನಡ ಹೇಗೆ ಬಂತೆಂದು ಕೇಳಬೇಡಿ), "ನಿನ್ನೆ ನರ್ಸರಿ ಟೀಚರ್ ನಿಮಗೇನಂದರು?"

ನಾಲ್ಕು ವರ್ಷದ ಮಗಳು ಸ್ಫೂರ್ತಿ ನರ್ಸರಿಯಲ್ಲಿ ಬಾಯಿಯೇ ಬಿಡುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ, ಇಲ್ಲದಿದ್ದರೆ ಹಿಂದೆ ಬೀಳುತ್ತಾಳೆ ಎಂದಿದ್ದರು ಟೀಚರ್. ಕಾಮಾಕ್ಷಿ ಇನ್ನೂ ಏನೂ ನಿರ್ಧರಿಸಿಲ್ಲ.

"ನಂದು ಬ್ಯಾರೆ."

"ಬೇರೆಯೇ. ನಾನು ಕಂಡವರ ಮಕ್ಕಳಿಗೆ ಮಾಡಿದೆ."

೪
ಮುಕ್ತಾಯ ಒಂದು: ಹುಡುಗ ದೊಡ್ಡವನಾಗಿ ಮರಳಿದ. ತಾಯಿ ಕರೆದಳು, ಅವಳದೇ ನುಡಿಯಲ್ಲಿ ಓಗೊಟ್ಟ. (ಸುಳ್ಳು. ಕಾಮಾಕ್ಷಿ ಈ ಸಾಲು ಹೊಡೆದುಹಾಕಿದ್ದಾಳೆ.)

ಮುಕ್ತಾಯ ಎರಡು: ಅವನು ಮರಳಲೇ ಇಲ್ಲ. (ಸತ್ತವರನ್ನು ಬರೆಯುವುದು ಸಲೀಸು. ಅದೂ ಬೇಡ.)

೫
"ಅವ್ವಾ, ಹಸಿವಾಗೇದ."

ಕಾಮಾಕ್ಷಿ ಎದ್ದಳು. ಚಪಾತಿ, ಪಲ್ಯ ಬಡಿಸಿದಳು. ತಟ್ಟೆ ಕೈಯಲ್ಲೇ ಉಳಿಯಿತು.

"ಇಂಗ್ಲಿಷ್‌ನ್ಯಾಗ ಹೇಳು."

ಸ್ಫೂರ್ತಿ ಅವ್ವನ ಬೆನ್ನ ಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು ಇಣುಕಿದಳು. ಯಾರೂ ಇರಲಿಲ್ಲ. (ಕ್ಯಾಪ್ಟನ್ ಈಗ ಮಾತಾಡಬಹುದಿತ್ತು. ಆಡಲಿಲ್ಲ.)

"ಅವ್ವಾ..."

"ಸೇ ಇಟ್ ಇನ್ ಇಂಗ್ಲಿಷ್."

ಪಲ್ಯ ಆರಿತು.

"ಹಂಗ್ರಿ," ಎಂದಳು ಮಗು, ತಟ್ಟೆ ನೋಡುತ್ತ.

ಕಾಮಾಕ್ಷಿ ತಟ್ಟೆ ಕೊಟ್ಟಳು. ಗುಡ್ ಗರ್ಲ್ ಎಂದಳು.

೬
ಮುಕ್ತಾಯ ಮೂರನ್ನು ಬರೆಯಲು ಅವಳು ಒಪ್ಪುತ್ತಿಲ್ಲ. ಹಾಗಾಗಿ ಮುಕ್ತಾಯವೆನ್ನದೆ ಹೇಳುತ್ತೇವೆ. ಹುಡುಗ ಮನೆಗೆ ಬಂದ. ತಾಯಿ ಏನೋ ಕೇಳಿದಳು. ಅವನಿಗೆ ತಿಳಿಯಲಿಲ್ಲ. ಮತ್ತೆ ಕೇಳಿದಳು. ಇನ್ನೂ ಕೇಳುತ್ತಿದ್ದಾಳೆ.

ಕ್ಯಾಪ್ಟನ್ ಮಾತು ಉಳಿಸಿಕೊಳ್ಳಲಿಲ್ಲ.