ಪಾತಿಯ ಮಣ್ಣು

"ನಾಯಿ ಹೇಲು ಬಾಚೋನು ನೀನು. ನನ್ನ ಮೊಮ್ಮಗಳ ಮೇಲೆ ಕೈ ಮಾಡೋಷ್ಟು ಕೊಬ್ಬು ಬಂತೇನೋ ನಿಂಗೆ?"

ಯಜಮಾನರು ಹೀಗೆ ಅಂದಾಗ, ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ನೆಂಟರೆಲ್ಲ ಟೀ ಕುಡಿಯುವುದನ್ನು ನಿಲ್ಲಿಸಿದರು. ನಾನು ಕೈ ಮಾಡಿರಲಿಲ್ಲ. ಪಾತಿಯಿಂದ ಕಿತ್ತ ಕ್ಯಾರೆಟ್ಟನ್ನು ಫ್ರಾಕಿಗೆ ಒರೆಸಿ ಬಾಯಿಗಿಡಲು ಹೋದ ಮಗುವಿನ ಕೈಯಿಂದ ಅದನ್ನು ತಟ್ಟಿ ಬೀಳಿಸಿದ್ದೆ, ಅಷ್ಟೆ. ಜೋರಾಗಿಯೇ ತಟ್ಟಿದ್ದೆ. ಮಗು ಅಳುತ್ತಿತ್ತು.

ಈ ಮನೆಯ ಎರಡು ನಾಯಿಗಳ ಹೇಲು ಬಾಚಿ, ತರಗೆಲೆ ಬೆರೆಸಿ ಹಿತ್ತಿಲಿನ ಡ್ರಮ್ಮಿಗೆ ತುಂಬುವುದು ನನ್ನ ಕೆಲಸವೇ. ಕೊಳೆತ ಮೇಲೆ ಬೇಲಿಗಿಡಗಳ ಬುಡಕ್ಕೆ ಮಾತ್ರ ಹಾಕುತ್ತಿದ್ದೆ. ತಿನ್ನೋ ಗಿಡಕ್ಕೆ ಬೇಡ ಎಂದು ನೂರು ಸಲ ಹೇಳಿದ್ದೆ. ಹೋದ ತಿಂಗಳು ನಾನು ಜ್ವರ ಬಂದು ಮಲಗಿದ್ದಾಗ ಯಜಮಾನರೇ ನಿಂತು ಡ್ರೈವರ್ ಕೈಲಿ ಅದನ್ನು ಪಾತಿಗೆ ಸುರಿಸಿದ್ದರು.

"ಅದರಲ್ಲಿ ಹುಳದ ಮೊಟ್ಟೆ ಇರುತ್ತೆ ಸಾರ್. ಬಾಯಿಗೆ ಹೋದ್ರೆ ಕಣ್ಣಿಗೂ ಏರುತ್ತೆ."

"ಎಲ್ಲಾ ಒಣಗಿ ಮಣ್ಣಾಗಿದೆ. ಏಳನೇ ಕ್ಲಾಸ್ ಪಂಡಿತ ಬಂದ್ಬಿಟ್ಟ, ನಂಗೆ ಪಾಠ ಹೇಳೋಕೆ."

ನೆಂಟರು ನಕ್ಕರು. ಒಣಗಿ ಮಣ್ಣಾದ ಮೇಲೇ ಅದು ಕೆಟ್ಟದ್ದು. ಹಸಿಯಾಗಿದ್ದಾಗ ಯಾರು ಮುಟ್ಟುತ್ತಾರೆ?

ನಾನು ಹನ್ನೆರಡು ವರ್ಷದವನಿದ್ದಾಗ ನನ್ನ ತಂಗಿಗೆ ಐದು. ಅವಳದ್ದೇ ಒಂದು ಪಾತಿಯಿತ್ತು, ಮೊರದಗಲ. ಗಿಡ ಮೇಲೇಳುತ್ತಿಲ್ಲವೆಂದು ದಿನಾ ಮುಖ ಊದಿಸಿಕೊಳ್ಳುತ್ತಿದ್ದಳು. ಸಗಣಿ ಗೊಬ್ಬರವಾಗುವುದಾದರೆ ಇದೂ ಆಗಬೇಕಲ್ಲ ಎಂದುಕೊಂಡು, ಬೀದಿಯಲ್ಲಿ ನಾಯಿಗಳು ಹಾಕಿ ಒಣಗಿದ್ದನ್ನು ಹಳೇ ಬಕೆಟ್ಟಿನಲ್ಲಿ ತಂದೆ. ಪುಡಿಮಾಡಿ ಅವಳಿಗೆ ಗೊತ್ತಾಗದ ಹಾಗೆ ಬೆರೆಸಿದೆ. ಗಿಡ ಮೊಣಕಾಲುದ್ದ ಬಂತು. ಅವಳು ಹೊತ್ತು ಮುಳುಗುವ ತನಕ ಅಲ್ಲೇ, ತಿನ್ನುವುದೂ ಮಣ್ಣಾದ ಕೈಯಲ್ಲೇ.

ಮರುವರ್ಷ ಅವಳ ಎಡಗಣ್ಣಲ್ಲಿ ಬಿಳಿ ಕಂಡಿತು. "ಹುಳ ಕಣ್ಣಿಗೆ ಏರಿದೆ. ಮನೇಲಿ ನಾಯಿ ಇದೆಯಾ?" ಎಂದು ಡಾಕ್ಟರು ಕೇಳಿದರು. ಅಪ್ಪ ಇಲ್ಲ ಎಂದ. ನಾನು ಬಾಗಿಲ ಹತ್ತಿರ ನಿಂತಿದ್ದೆ, ಬಾಯಿ ಬಿಡಲಿಲ್ಲ. ಶಾಲೆಯಲ್ಲಿ ಹುಳುವಿನ ಚಿತ್ರ ಬರೆಸಿದ ದಿನ ಎದ್ದು ಬಂದವನು ಮತ್ತೆ ಆ ಕಡೆ ಹೋಗಲಿಲ್ಲ.

ಆ ಕಣ್ಣಿಗೆ ನೋಟವಿಲ್ಲ. ಆದರೂ ಅದು ನನ್ನನ್ನೇ ನೋಡುತ್ತದೆ. ಸಂಜೆ ಮನೆಗೆ ಹೋದರೆ ತಂಗಿ ಬಾಗಿಲಲ್ಲೇ ಕೇಳುತ್ತಾಳೆ, "ಕೈ ತೊಳ್ಕೊಂಡ್ಯಾ ಅಣ್ಣಾ?" ಅವಳಿಗೆ ಏನೂ ಗೊತ್ತಿಲ್ಲ, ಸುಮ್ಮನೆ ಕೇಳುತ್ತಾಳೆ. ಎಲ್ಲಿ ಅಗೆದರೂ ಪಾತಿಯ ಅಂಚಿನಲ್ಲಿ ಐದು ವರ್ಷದವಳೊಬ್ಬಳು ನನಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿರುತ್ತಾಳೆ. ತಲೆಯೆತ್ತಿ ನೋಡುವುದನ್ನೇ ಬಿಟ್ಟಿದ್ದೇನೆ. ಇವತ್ತು ಕೂತಿದ್ದು ನಿಜವಾದ ಮಗು ಎಂದು ತಿಳಿಯುವಷ್ಟರಲ್ಲಿ ಕ್ಯಾರೆಟ್ಟು ತುಟಿಯ ಹತ್ತಿರ ಬಂದಿತ್ತು.

ಯಜಮಾನರ ಮಗಳು ಕುರ್ಚಿ ಬಿಟ್ಟೆದ್ದು ಮಗುವನ್ನು ನಲ್ಲಿಗೆ ಎಳೆದುಕೊಂಡು ಹೋದಳು. ಸೋಪು ಹಚ್ಚಿ ಉಗುರು ಸಂದಿಯನ್ನೆಲ್ಲ ತಿಕ್ಕತೊಡಗಿದಳು.

"ಇವನ ಮಾತು ಕಟ್ಕೊಂಡು ಕುಣೀತೀಯಲ್ಲೇ," ಎಂದರು ಯಜಮಾನರು.

"ನೀವು ಸುಮ್ನಿರಿ ಅಪ್ಪಾ." ಅವಳು ನನ್ನ ಕಡೆ ತಿರುಗಿದಳು. ದನಿ ತಗ್ಗಿತ್ತು. "ಕಣ್ಣಿಗೆ ಏರುತ್ತೆ ಅಂದ್ಯಲ್ಲ, ನಿಂಗೆ ಹೇಗಪ್ಪಾ ಗೊತ್ತು?"

ಯಜಮಾನರೂ ನೆಂಟರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ನೆಂಟರಿಗೆಂದು ಯಜಮಾನರು ಕೀಳಿಸಿ ಬುಟ್ಟಿಗೆ ತುಂಬಿಸಿದ್ದ ಕ್ಯಾರೆಟ್ಟುಗಳನ್ನೆಲ್ಲ ಡ್ರಮ್ಮಿಗೆ ಸುರಿದು ಮುಚ್ಚಳ ಬಿಗಿ ಮಾಡಿದೆ. ಗುದ್ದಲಿ ಅವರದ್ದು, ಗೋಡೆಗೆ ಒರಗಿಸಿದೆ. ಹರಿಯುತ್ತಿದ್ದ ನಲ್ಲಿಯ ಪಕ್ಕದಲ್ಲೇ, ಕೈ ತೊಳೆಯದೆ ಹಾದು ಗೇಟಿನ ಕಡೆ ನಡೆದೆ.