ಗಂಜಿ ಹಚ್ಚಿದ ಕಾಗದ

ಹೆಲನ್ ಬಾಯಿ ಕಾಗದದ ಗುಣ ನೋಡುತ್ತಿದ್ದದ್ದು ನಾಲಿಗೆಯಿಂದ. ಹಾಳೆಯ ಮೂಲೆಯನ್ನು ನಾಲಿಗೆಯ ತುದಿಗೆ ಒಮ್ಮೆ ಮುಟ್ಟಿಸುತ್ತಿದ್ದರು. ಅಂಟಿಕೊಂಡು ಬಿಟ್ಟುಬರಲು ಹಟ ಮಾಡಿತೋ, ಅದು ನೀರು ಕುಡಿಯುವ ಜಾತಿ. ಶಾಯಿ ಪೆನ್ನಿನಲ್ಲಿ ಬರೆದರೆ ಅಕ್ಷರಕ್ಕೆ ಬೇರು ಮೂಡುತ್ತದೆ. ಅಂಟದೆ ಜಾರಿತೋ, ಅದು ಬರೆಯಲಿಕ್ಕೆ ಯೋಗ್ಯ. ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತೆದ್ದು ಕಲಿತ ವಿದ್ಯೆ ಇದು. ಇದಕ್ಕೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ. ಕೊಡದಿದ್ದರೆ ಬಿಡಿ, ನಾಲಿಗೆ ತಮ್ಮದೇ ಇತ್ತಲ್ಲ.

ಪ್ರೆಸ್ಸು ಮುಚ್ಚಿದ ಮೇಲೆ ಅವರು ಮಂಗಳೂರಿನ ಬಿಜೈಯಲ್ಲಿ, ಸರಕಾರಿ ಬಸ್ ಸ್ಟ್ಯಾಂಡಿನ ಹಿಂದಿನ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ನೋಟ್‌ಬುಕ್ ಮಾಡಲು ಕೂತರು. ಒಳ್ಳೆಯ ಕಾಗದ ಕೊಳ್ಳುವ ತಾಕತ್ತು ಅವರಿಗಿರಲಿಲ್ಲ. ಸಾದಾ ಕಾಗದವನ್ನೇ ತಂದು ಅದನ್ನು ಒಳ್ಳೆಯದು ಮಾಡುತ್ತಿದ್ದರು. ಮಾಡುವ ಕ್ರಮ ಇಷ್ಟೇ: ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಅದಕ್ಕೆ ಸ್ವಲ್ಪ ಪಟಿಕದ ಪುಡಿ, ಹುಳ ಹಿಡಿಯದ ಹಾಗೆ ಚೂರು ಮೈಲುತುತ್ತು. ಅಗಲ ಬ್ರಶ್ಶಿನಿಂದ ಹಾಳೆಯ ಒಂದು ಮೈಗೆ ಬಳಿದು ಹಗ್ಗಕ್ಕೆ ನೇತುಹಾಕುವುದು, ಒಣಗಿದ ಮೇಲೆ ಇನ್ನೊಂದು ಮೈಗೆ ಬಳಿಯುವುದು. ಆಮೇಲೆ ಭಾರ ಹೇರಿ ಒತ್ತಿ, ಮಡಚಿ, ದಾರದಲ್ಲಿ ಹೊಲಿದರೆ ನೂರ ಮೂವತ್ತು ರೂಪಾಯಿಯ ನೋಟ್‌ಬುಕ್. ಕುಚ್ಚಲಕ್ಕಿಯ ದಯೆಯಿಂದ ಪುಟಕ್ಕೆ ತೆಳುವಾದ ಕೆನೆಬಣ್ಣ ಬರುತ್ತಿತ್ತು. ಬಣ್ಣ ನೋಡಿದವರು ಇದು ಯಾವ ದೇಶದ ಕಾಗದ ಎಂದು ಕೇಳುತ್ತಿದ್ದರು.

ಕಾಲೇಜಿನಲ್ಲಿ ಕಾಮರ್ಸ್ ಕಲಿಸುವ ಮಗಳು ಗ್ಲೆನಿಟಾಳಿಗೆ ಈ ಪ್ರಶ್ನೆ ಬಂದಾಗಲೆಲ್ಲ ಹೆಮ್ಮೆ, ಅದರ ಉತ್ತರ ನೆನಪಾದಾಗಲೆಲ್ಲ ನಾಚಿಕೆ. ಅವಳದ್ದೂ ತಪ್ಪಲ್ಲ. ಜ್ವರ ಬಂದವರು ಕುಡಿಯುವ ಗಂಜಿಯನ್ನು ಪುಸ್ತಕಕ್ಕೆ ಬಳಿದಿದ್ದೇವೆ ಎಂದು ಸ್ಟಾಫ್ ರೂಮಿನಲ್ಲಿ ಹೇಳುವುದು ಹೇಗೆ?

ಅವಳ ಜತೆ ಓದಿದ್ದ ಗೌರವ್ ಶೆಟ್ಟಿಯ ಮನೆಯವರದ್ದು ಕೊಟ್ಟಾರದಲ್ಲಿ ಹೋಟೆಲು. ಹೋಟೆಲಿಗೆ ಈ ವರ್ಷ ಐವತ್ತು ತುಂಬುತ್ತದೆ. ಸಮಾರಂಭಕ್ಕೆ ಬರುವ ಇನ್ನೂರು ಅತಿಥಿಗಳಿಗೆ ಒಂದು ಶಾಯಿ ಪೆನ್ನು, ಒಂದು ನೋಟ್‌ಬುಕ್ ಕೊಡುವುದೆಂದು ಶಾಯಿ ಪೆನ್ನಿನ ಹುಚ್ಚು ಹತ್ತಿದ್ದ ಗೌರವ್ ಹಟ ಹಿಡಿದಿದ್ದ. ಪೆನ್ನು ಬಂದಿತ್ತು. ಯಾವ ನೋಟ್‌ಬುಕ್ ಎಂಬುದು ತೀರ್ಮಾನ ಆಗಿರಲಿಲ್ಲ. ಹೋಟೆಲಿನ ಮೇಲಿನ ಹಾಲ್‌ನಲ್ಲಿ ತಿಂಗಳಿಗೊಮ್ಮೆ ಸೇರುವ ಪೆನ್ನು ಪ್ರಿಯರ ಕೂಟದಲ್ಲಿ ಐದು ನೋಟ್‌ಬುಕ್ ಇಟ್ಟು ಪರೀಕ್ಷೆ ಮಾಡುವುದು, ಗೆದ್ದದ್ದಕ್ಕೆ ಆರ್ಡರ್ ಎಂದ. ಗ್ಲೆನಿಟಾ ಅಮ್ಮನದ್ದೊಂದನ್ನು ಅದರಲ್ಲಿ ಸೇರಿಸಿದಳು.

ಜುಲೈಯ ಒಂದು ಭಾನುವಾರ ಸಂಜೆ ನಾಲ್ಕಕ್ಕೆ ತಾಯಿ ಮಗಳು ರಿಕ್ಷಾದಲ್ಲಿ ಹೊರಟರು. ಹೊರಗೆ ಮಳೆ ಜಡಿಯುತ್ತಿತ್ತು. ದಾರಿಯುದ್ದಕ್ಕೂ ಮಗಳು ಕೊಂಕಣಿಯಲ್ಲಿ ಪಾಠ ಹೇಳಿದಳು.

"ಅಲ್ಲಿ ನಾಲಿಗೆ ಹೊರಗೆ ಹಾಕ್ಬೇಡ ಮಮ್ಮಿ. ಮತ್ತೆ ಗಂಜಿ ಅಂತ ಹೇಳ್ಬೇಡ. ಯಾರಾದ್ರೂ ಕೇಳಿದ್ರೆ ನ್ಯಾಚುರಲ್ ಸ್ಟಾರ್ಚ್ ಕೋಟಿಂಗ್ ಅನ್ನು."

"ಅಷ್ಟು ಉದ್ದದ್ದು ನೆನಪಿರ್ಲಿಕ್ಕಿಲ್ಲ."

"ಹಾಗಾದ್ರೆ ಸುಮ್ಮನಿರು. ಉತ್ತರ ನಾನು ಕೊಡ್ತೇನೆ."

ಹೆಲನ್ ಬಾಯಿಯ ಮನಸ್ಸು ಆರ್ಡರಿನ ಮೇಲಿತ್ತು ಎಂದರೆ ಅರ್ಧ ಸತ್ಯ. ಅವರ ಕೈ ಕಟ್ಟಿದ ಸಾವಿರಾರು ಪುಸ್ತಕಗಳಲ್ಲಿ ಪ್ರೆಸ್ಸಿನ ಹೆಸರಿತ್ತು, ಬರೆದವರ ಹೆಸರಿತ್ತು. ಅವರದ್ದು ಒಂದರಲ್ಲೂ ಇರಲಿಲ್ಲ. ತಾವು ಮಾಡಿದ್ದು ಹೇಗಿದೆ ಎಂದು ತಿಳಿದವರ ಬಾಯಿಂದ ಒಮ್ಮೆ ಕೇಳಬೇಕು ಎಂಬ ಆಸೆ ಅರುವತ್ತಮೂರನೆಯ ವಯಸ್ಸಿನಲ್ಲಿ ಹುಟ್ಟಿ ಅವರನ್ನು ನಿದ್ದೆಗೆಡಿಸಿತ್ತು.

ಹಾಲ್‌ನಲ್ಲಿ ಹನ್ನೆರಡು ಮಂದಿ ಇದ್ದರು. ಉದ್ದ ಮೇಜಿನ ಮೇಲೆ ಐದು ನೋಟ್‌ಬುಕ್‌ಗಳು, ಯಾವುದು ಯಾವುದೆಂದು ತಿಳಿಯದಂತೆ ಎಲ್ಲಕ್ಕೂ ಹಳೆಯ ಪೇಪರಿನ ಬೈಂಡು, ಅದರ ಮೇಲೆ ನಂಬರು. ಎಲ್ಲರಿಗೂ ಒಂದೇ ಪೆನ್ನು, ಒಂದೇ ನೀಲಿಗಪ್ಪು ಶಾಯಿ. ಯಾರು ಯಾವ ಪುಟದಲ್ಲಿ ಬೇಕಾದರೂ ಬರೆಯಬಹುದು. ಮೂರನೇ ನಂಬರಿನ ಹೊಲಿಗೆ ಕಂಡದ್ದೇ ಹೆಲನ್ ಬಾಯಿಗೆ ತಮ್ಮದು ಯಾವುದೆಂದು ಗೊತ್ತಾಯಿತು. ಅವರು ಕೈಕಟ್ಟಿ ಗೋಡೆಯ ಬದಿಯ ಕುರ್ಚಿಯಲ್ಲಿ ಕೂತರು.

ಒಂದನೇ ನಂಬರು ಶಾಲಾ ಮಕ್ಕಳ ನಲ್ವತ್ತೈದು ರೂಪಾಯಿಯದ್ದು. ಹಾಲಿನಷ್ಟು ಬಿಳಿ, ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲವಲ್ಲ. ಬರೆದ ಗೆರೆ ಹಿಂದಿನ ಪುಟಕ್ಕೂ ಇಳಿಯಿತು. ನಾಲ್ಕು, ಐದು ಮಾಲ್‌ನಲ್ಲಿ ಸಿಗುವಂಥವು; ಚರ್ಮದಂಥ ರಟ್ಟಿಗೆ ದುಡ್ಡು ಹಾಕಿ ಕಾಗದದಲ್ಲಿ ಜಿಪುಣತನ ಮಾಡಿದ್ದರು. ಎರಡನೇ ನಂಬರು ವಿದೇಶದ್ದು, ಸಾವಿರದ ಒಂಬೈನೂರು ರೂಪಾಯಿ. ಅದರ ಮೇಲೆ ಪೆನ್ನು ಓಡಿದ್ದೇ ಜನ ಹಾ ಎಂದರು. ಗೆರೆ ಕೂದಲೆಳೆಯಷ್ಟು ತೀಕ್ಷ್ಣ, ಶಾಯಿಯೊಳಗೆ ಒಂದು ಕೆಂಪು ಮಿಂಚು. ಅದಕ್ಕೆ ಸಾಟಿಯಾಗಿ ಮಾತಿಗೆ ಬಂದದ್ದು ಮೂರನೆಯದ್ದು ಮಾತ್ರ. "ಇದು ಎಂತ ಸ್ಮೂತ್ ಉಂಟು ಮಾರಾಯ, ಹಿಂದೆ ಚೂರೂ ಇಳಿಯುದಿಲ್ಲ," ಎಂದು ಯಾರೋ ಹೇಳಿದಾಗ ಹೆಲನ್ ಬಾಯಿ ನೆಲ ನೋಡುತ್ತಾ ಕೂತರು. ಮುಖ ಎತ್ತಿದ್ದರೆ ನಗು ಸಿಕ್ಕಿಬೀಳುತ್ತಿತ್ತು.

ಆಗ ಪೆನ್ನು ಅಲೆಕ್ಸ್ ಪಿಂಟೊ ಅವರ ಕೈಗೆ ಬಂತು. ಪಣಂಬೂರಿನ ಬಂದರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಮನೆಯಲ್ಲಿ ನಲ್ವತ್ತು ಪೆನ್ನು ಇಟ್ಟವರು, ಅಕ್ಷರ ಮುತ್ತಿನಂಥದ್ದು. ಎರಡನೆಯದ್ದರಲ್ಲಿ ಒಂದು ಸಾಲು ಬರೆದು, ಮೂರನೇ ನಂಬರಿನ ನಡುವೆಲ್ಲೋ ಬಿಡಿಸಿ ಇನ್ನೊಂದು ಬರೆದರು. ಬರೆದದ್ದು ನೋಡನೋಡುತ್ತ ಬೇರು ಬಿಟ್ಟಿತು.

"ಇದು ನೋಟ್‌ಬುಕ್ಕಾ, ಬ್ಲಾಟಿಂಗ್ ಪೇಪರಾ?" ಎಂದರು ಅಲೆಕ್ಸ್. "ಒಂದು ಪುಟ ಚಿನ್ನ, ಒಂದು ಪುಟ ಮಣ್ಣು. ಚೀಪ್ ಅಂದ್ರೆ ಚೀಪೇ. ಒಳ್ಳೇದಕ್ಕೆ ದುಡ್ಡು ಯಾಕೆ ಕೊಡುದು ಗೊತ್ತುಂಟಾ? ಮೊದಲ ಪುಟದ ಹಾಗೇ ಕೊನೇ ಪುಟ ಇರ್ತದೆ ಅಂತ."

ಮಾತು ಅಪ್ಪಟ ಸತ್ಯ. ಅದಕ್ಕೇ ಅದು ಹೆಲನ್ ಬಾಯಿಗೆ ನಾಟಿತು. ಗೌರವ್ ಒಳ್ಳೆಯ ಹುಡುಗ. "ಅದೊಂದು ಪುಟ ಬಿಡುವ ಸರ್, ಬಾಕಿಯದ್ದನ್ನೇ ಲೆಕ್ಕಕ್ಕೆ ತಗೊಳ್ಳುವ," ಎಂದ. ಗ್ಲೆನಿಟಾ ಬಗ್ಗಿ ಅಮ್ಮನ ಕಿವಿಯಲ್ಲಿ, "ಕಾಗದದ ಕಂಪೆನಿಯವರ ತಪ್ಪು ಅಂತ ನಾನು ಹೇಳ್ತೇನೆ," ಎಂದಳು.

ಹೆಲನ್ ಬಾಯಿ ಅಷ್ಟರಲ್ಲಿ ಎದ್ದಾಗಿತ್ತು. ಮೇಜಿನ ಹತ್ತಿರ ಹೋಗಿ ಆ ಪುಟವನ್ನು ನೋಡಿದರು, ಆ ಪುಟ ಯಾವ ಕಟ್ಟಿನಲ್ಲಿದೆ ಎಂದು ಮಡಿಕೆಯ ದಾರ ನೋಡಿದರು. ಮಗಳ ಕಡೆಗೆ ತಿರುಗದೆ ಪುಟದ ಮೂಲೆಯನ್ನು ನಾಲಿಗೆಗೆ ಮುಟ್ಟಿಸಿದರು. ಅಂಟಿತು. ಯಾರೋ ಕಿಸಕ್ಕೆಂದರು.

"ಈ ಪುಸ್ತಕ ನಾನು ಮಾಡಿದ್ದು," ಎಂದರು. "ತಪ್ಪು ಕಾಗದದ್ದಲ್ಲ, ನನ್ನ ಕೈಯದ್ದು. ನೀವು ಒಂದು ಎಲೆ ಮಗುಚಿ, ಮುಂದಿನ ಜೋಡಿ ಪುಟದಲ್ಲಿ ಬರೀರಿ. ಸರಿ ಇರ್ತದೆ."

ಅಲೆಕ್ಸ್ ಬರೆದರು. ಸರಿ ಇತ್ತು.

"ಅದರ ಮುಂದಿನ ಜೋಡಿ ಹಾಳು."

ಬರೆದರು. ಶಾಯಿ ಹರಡಿತು. ಕಿಸಕ್ಕೆಂದವರು ಕುರ್ಚಿ ಬಿಟ್ಟು ಹತ್ತಿರ ಬಂದರು. ಹೆಲನ್ ಬಾಯಿ, ಪೆನ್ನು ಕಾಗದಕ್ಕೆ ಮುಟ್ಟುವ ಮೊದಲೇ ಹೇಳುತ್ತಾ ಹೋದರು: ಇದು ಸರಿ, ಇದು ಹಾಳು, ಇದು ಸರಿ. ಒಂದು ಸಲವೂ ತಪ್ಪಲಿಲ್ಲ. ಹೊಲಿಗೆಯ ಕಟ್ಟು ಮುಗಿದಲ್ಲಿ ಬೆರಳಿಟ್ಟು, "ಇಲ್ಲಿಗೆ ಮುಗೀತು. ಇನ್ನು ಕೊನೆಯವರೆಗೆ ಒಂದೇ ಒಂದು ಪುಟ ಹಾಳು ಸಿಕ್ಕಿದ್ರೆ ನಾನು ಬೈಂಡಿಂಗ್ ಬಿಡ್ತೇನೆ," ಎಂದರು.

ಅಲೆಕ್ಸ್ ಹಟಮಾರಿ. ಹತ್ತು ಹದಿನೈದು ಕಡೆ ಬಿಡಿಸಿ ಗೀಚಿದರು. ಒಂದೂ ಸಿಗಲಿಲ್ಲ. ಕನ್ನಡಕ ತೆಗೆದು, "ಇದು ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದರು. ದನಿ ಬದಲಾಗಿತ್ತು.

"ಒಂದೇ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದ್ರೆ ಎಂಟು ಎಲೆಯ ಒಂದು ಕಟ್ಟು ಆಗ್ತದೆ. ಹಾಳೆಯ ಒಂದು ಮೈಗೆ ಮಾತ್ರ ಹಚ್ಚಿ ಇನ್ನೊಂದು ಮೈ ಬಿಟ್ರೆ ಹೀಗೇ, ಒಂದು ಜೋಡಿ ಸರಿ, ಒಂದು ಜೋಡಿ ಹಾಳು. ಆ ಹಾಳೆಗೆ ನಾನು ಒಂದೇ ಮೈ ಹಚ್ಚಿದ್ದು."

"ಹಚ್ಚುದು ಎಂತ ಆಂಟಿ?" ಎಂದ ಗೌರವ್.

"ನ್ಯಾಚುರಲ್..." ಎಂದು ಗ್ಲೆನಿಟಾ ನಡುವೆ ಬಾಯಿ ಹಾಕಿದಳು.

"ಗಂಜಿ," ಎಂದರು ಹೆಲನ್ ಬಾಯಿ.

ಹಾಲ್‌ನಲ್ಲಿ ನಗು ಎದ್ದಿತು. ಗ್ಲೆನಿಟಾಳ ಕಿವಿ ಕೆಂಪಾಯಿತು. ಹೆಲನ್ ಬಾಯಿಗೆ ಸಿಟ್ಟು ಬಂತು. ಬಂದ ಸಿಟ್ಟಿನಲ್ಲಿ ಕನ್ನಡ ಸಲೀಸಾಗಿ ಹರಿಯಿತು.

"ನಗ್ಲಿಕ್ಕೆ ಎಂತ ಉಂಟು? ಕುಚ್ಚಲಕ್ಕಿ ಗಂಜಿ. ಅದನ್ನು ಹಚ್ಚಿದ್ದಕ್ಕೇ ನಿಮ್ಮ ಶಾಯಿ ಮೇಲೆ ನಿಂತದ್ದು, ಹಚ್ಚದಲ್ಲಿ ಹಾಳಾದದ್ದು ನೀವೇ ನೋಡಿದ್ರಿ. ಅವತ್ತು ಎರಡನೇ ಮೈಗೆ ಹಚ್ಚುವ ಅಂತ ಹಾಳೆ ಮೇಜಿಗೆ ಹಾಕಿದೆ, ಬ್ರಶ್ ಎತ್ತಿದೆ. ಇಗರ್ಜಿಯಲ್ಲಿ ಹನ್ನೆರಡರ ಗಂಟೆ ಆಯ್ತು. ಗಂಟೆ ಆದ್ರೆ ನಾವು ಕೆಲಸ ಬಿಟ್ಟು ನಿಂತು ಆಂಜೆಲಸ್ ಪ್ರಾರ್ಥನೆ ಹೇಳುದು. ಹೇಳಿ ಬಂದವಳು ಹಚ್ಚಿ ಆಗಿದೆ ಅಂತ ಗ್ರಹಿಸಿ ಹಾಳೆಯನ್ನು ಹಗ್ಗಕ್ಕೆ ಹಾಕಿರ್ಬೇಕು. ಮಳೆಗಾಲದಲ್ಲಿ ಒಣಗಿದ್ದೂ ಹಸಿಯೂ ಕೈಗೆ ಒಂದೇ. ಬೇರೆ ಎಂತದ್ದೂ ಅಲ್ಲ."

ಈಗ ನಕ್ಕವರು ಅಲೆಕ್ಸ್ ಒಬ್ಬರೇ. ಆದರೆ ಆ ನಗು ಬೇರೆ. "ಪೂರ್ತಿ ಹೇಳಿದ್ರಾ ಪ್ರಾರ್ಥನೆ?" ಎಂದು ಕೇಳಿದರು.

"ಪೂರ್ತಿ."

"ನಾನಾದ್ರೆ ಅರ್ಧದಲ್ಲೇ ಆಮೆನ್ ಹೇಳಿ ಹಾಳೆ ಮುಗಿಸ್ತಿದ್ದೆ. ನಿಮ್ಮ ತಪ್ಪಿಗೆ ನಾನು ಮಾರ್ಕ್ ಕಳೆಯುದಿಲ್ಲ ಬಾಯಿ. ಆದ್ರೆ ನೀವೇ ಹೇಳಿ, ಎರಡನೇ ನಂಬರಿಗಿಂತ ನಿಮ್ಮದು ಮೇಲಾ?"

ಹೆಲನ್ ಬಾಯಿ ವಿದೇಶದ ನೋಟ್‌ಬುಕ್ ಎತ್ತಿಕೊಂಡರು. ಪುಟಗಳನ್ನು ಬೆರಳಲ್ಲಿ ಸವರಿದರು, ಬೆಳಕಿಗೆ ಹಿಡಿದರು, ಮೂಲೆಯನ್ನು ನಾಲಿಗೆಗೆ ಮುಟ್ಟಿಸಿದರು. ಈ ಸಲ ಯಾರೂ ಕಿಸಕ್ಕೆನ್ನಲಿಲ್ಲ.

"ಕಾಗದ ಅಂದ್ರೆ ಇದು," ಎಂದರು. "ಇಂಥದ್ದು ನನ್ನಿಂದ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ. ಆ ಮಿಂಚು ನನ್ನದರಲ್ಲಿ ಬರುದಿಲ್ಲ. ಇದನ್ನು ಮಾಡಿದವರಿಗೆ ಕೈ ಮುಗೀಬೇಕು." ಆಮೇಲೆ ಗೌರವ್‌ನ ಬಿಳಿ ಅಂಗಿಯ ತೋಳಿಗೆ ಬೊಟ್ಟು ಮಾಡಿದರು. ಮಣಿಕಟ್ಟಿನ ಉದ್ದಕ್ಕೂ ನೀಲಿ ಬಳಿದುಕೊಂಡಿತ್ತು. "ಆದ್ರೆ ಇದು ಒಣ ಊರಿನ ಕಾಗದ. ನಮ್ಮ ಮಳೆಗಾಲದಲ್ಲಿ ಇದರ ಶಾಯಿ ಒಣಗುದಿಲ್ಲ. ನೀವು ಬರ್ದು ಕಾಲು ಗಂಟೆ ಆಯ್ತು, ನೋಡಿ." ಪುಟದ ಮೇಲೆ ಬೆರಳೆಳೆದರು. ಅಲೆಕ್ಸ್ ಅವರ ಮುತ್ತಿನಂಥ ಸಾಲು ಮೋಡವಾಯಿತು. "ಗಂಜಿ ಸ್ವಲ್ಪ ಕುಡೀತದೆ, ಸ್ವಲ್ಪ ಬಿಡ್ತದೆ. ಮಂಗಳೂರಲ್ಲಿ ಕೂತು ಬರೀಲಿಕ್ಕೆ ನನ್ನದು ಮೇಲು. ಬೇರೆ ಊರಿನದ್ದು ನನಗೆ ಗೊತ್ತಿಲ್ಲ."

ಕೈ ಎತ್ತುವ ಶಾಸ್ತ್ರ ಆಯಿತು. ಹನ್ನೆರಡರಲ್ಲಿ ಒಂಬತ್ತು ಕೈ ಮೂರನೇ ನಂಬರಿಗೆ ಎದ್ದವು. ಮೊದಲು ಎದ್ದದ್ದು ಅಲೆಕ್ಸ್ ಅವರದ್ದು.

ಗೌರವ್ ಖುಷಿಯಲ್ಲಿ ಹತ್ತಿರ ಬಂದ. "ಇನ್ನೂರು ಬೇಕು ಆಂಟಿ. ಹೆಚ್ಚು ರೇಟು ಕೊಡ್ತೇನೆ. ಒಂದೇ ಒಂದು ಮಾತು. ಒಳಗಿನ ಲೇಬಲ್‌ನಲ್ಲಿ ಪ್ರೀಮಿಯಂ ಹ್ಯಾಂಡ್ ಫಿನಿಶ್ಡ್ ಪೇಪರ್ ಅಂತ ಹಾಕುವ. ಬರುವವರೆಲ್ಲ ದೊಡ್ಡ ದೊಡ್ಡ ಜನ. ಗಂಜಿ ಅಂತ ಬರೆದ್ರೆ ಸ್ವಲ್ಪ..."

ಹೆಲನ್ ಬಾಯಿ ಇಕ್ಕಟ್ಟಿಗೆ ಬಿದ್ದರು. ಬೇಡ ಎಂದರೆ ಆರ್ಡರ್ ಹೋಗುತ್ತದೆ; ಮಗಳು ಇಷ್ಟು ಕಷ್ಟಪಟ್ಟು ತಂದದ್ದು. ಹೂಂ ಎಂದರೆ ಇಷ್ಟು ಹೊತ್ತು ತಾನು ಎದ್ದುನಿಂತು ಹೇಳಿದ್ದಕ್ಕೆ ಏನರ್ಥ? ಅವರು ಮಗಳ ಮುಖ ನೋಡಿದರು. ಅವಳು ಹೂಂ ಎನ್ನುತ್ತಾಳೆ ಎಂದು ಗೊತ್ತಿತ್ತು.

"ಕೆಳಗೆ ನಿಮ್ಮ ಹೋಟೆಲಲ್ಲಿ ಮಣ್ಣಿನ ಮಡಕೆಯಲ್ಲಿ ಗಂಜಿ ಊಟ ಇನ್ನೂರ ನಲ್ವತ್ತಕ್ಕೆ ಕೊಡ್ತೀರಲ್ಲ ಗೌರವ್," ಎಂದಳು ಗ್ಲೆನಿಟಾ. "ಮೆನುವಲ್ಲಿ ಗಂಜಿ ಅಂತಲೇ ಉಂಟಲ್ಲ? ಇದರಲ್ಲೂ ಗಂಜಿ ಅಂತಲೇ ಬರೀರಿ. ಮಾಡಿದ್ದು ನನ್ನ ಮಮ್ಮಿ ಅಂತಲೂ ಬರೀರಿ. ಆಗುದಿಲ್ಲಾಂದ್ರೆ ನಮಗೆ ಆರ್ಡರ್ ಬೇಡ."

ಹೆಲನ್ ಬಾಯಿಗೆ ಮಗಳು ಹುಟ್ಟಿದ ದಿನವೂ ಇಷ್ಟು ಹೆಮ್ಮೆ ಆಗಿರಲಿಲ್ಲ. ಸುಳ್ಳಲ್ಲ, ಅವತ್ತು ಅವರಿಗೆ ನೋವೇ ಹೆಚ್ಚಾಗಿತ್ತು.

ಗೌರವ್ ತಲೆ ಕೆರೆದುಕೊಂಡು ನಕ್ಕ. "ಆಯ್ತು ಮಾರಾಯ್ತಿ, ಬರೆಯುವ," ಎಂದ. "ಲೇಬಲ್ ನಾನೇ ಬರೆದುಕೊಡ್ತೇನೆ, ಅದನ್ನೇ ಅಚ್ಚು ಹಾಕಿಸಿ," ಎಂದರು ಅಲೆಕ್ಸ್. ಮೂರನೇ ನಂಬರಿನ ಒಂದು ಒಳ್ಳೆಯ ಪುಟ ಬಿಡಿಸಿ, ಉಸಿರು ಹಿಡಿದು, ಗುಂಡಗಿನ ಅಕ್ಷರದಲ್ಲಿ ಬರೆದರು: ಗಂಜಿ ಹಚ್ಚಿದ ಸಾದಾ ಕಾಗದ. ಮಾಡಿದವರು ಹೆಲನ್ ಡಿಸೋಜ, ಬಿಜೈ. ಪುಸ್ತಕವನ್ನು ಹೆಲನ್ ಬಾಯಿಯ ಕಡೆಗೆ ತಿರುಗಿಸಿ, "ಸರಿ ಉಂಟಾ ನೋಡಿ," ಎಂದರು.

ಹೆಲನ್ ಬಾಯಿ ಎರಡು ಸಲ ಓದಿದರು. ಹೊರಗೆ ಮಳೆ ಬಿಟ್ಟಿರಲಿಲ್ಲ. ಒಂದು ನಿಮಿಷ ಕಾದು, ಕೆಲಸ ಬಲ್ಲವರು ಪರೀಕ್ಷಿಸುವ ಹಾಗೆ, ತಮ್ಮ ಹೆಸರಿನ ಮೇಲೆಯೇ ಹೆಬ್ಬೆರಳನ್ನು ಒತ್ತಿ ಎಳೆದರು. ಒಂದಕ್ಷರವೂ ಕದಲಲಿಲ್ಲ.

"ಸರಿ ಉಂಟು," ಎಂದರು.