ಎಲ್ಲೆಯೊಳಗಿನ ಹೊಲ

ಗುಂಡ್ಲುಪೇಟೆಯ ಪುರಸಭೆ ನಗರಸಭೆಯಾಗಬೇಕಾದರೆ ಐವತ್ತು ಸಾವಿರ ತಲೆ ಬೇಕಿತ್ತು. ಪೇಟೆಯೊಳಗೆ ಅಷ್ಟು ತಲೆ ಇರಲಿಲ್ಲ. ಸರಿ, ಸುತ್ತಲಿನ ಹಳ್ಳಿಗಳ ತಲೆಗಳನ್ನೂ ಎಣಿಸಿಕೊಳ್ಳುವುದೆಂದಾಯಿತು. ಹಂಗಳದ ದಾರಿಯಲ್ಲಿ ಪೇಟೆಗೆ ಅಂಟಿಕೊಂಡೇ ಇದ್ದ ಚಿಕ್ಕಮಲ್ಲಪ್ಪನ ಊರೂ ಆ ಲೆಕ್ಕಕ್ಕೆ ಸೇರಿತು.

ಚಿಕ್ಕಮಲ್ಲಪ್ಪ ಆಗ ಗ್ರಾಮ ಪಂಚಾಯಿತಿ ಮೆಂಬರು. ನಗರಕ್ಕೆ ಸೇರೋಣ ಎಂದು ಸಭೆಯಲ್ಲಿ ಮೊದಲು ಕೈಯೆತ್ತಿದವನೇ ಅವನು. ಹಿಂದೆಮುಂದೆ ನೋಡಿದವರಿಗೆ ಬೀದಿದೀಪ, ಒಳಚರಂಡಿ ಎಂದು ಆಸೆ ಹುಟ್ಟಿಸಿದ. ತಾನು ವಾರ್ಡಿನ ಕೌನ್ಸಿಲರಾಗುವ ಆಸೆಯನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಊರಿಗೆಲ್ಲ ಗೊತ್ತಿತ್ತು. ಆಕ್ಷೇಪಣೆ ಸಲ್ಲಿಸಲು ಚಾಮರಾಜನಗರದ ಡಿಸಿ ಆಫೀಸಿಗೆ ಹೊರಟಿದ್ದ ನಾಲ್ಕಾರು ಮಂದಿಯನ್ನು ಬಸ್‌ಸ್ಟ್ಯಾಂಡಿನಲ್ಲೇ ತಡೆದು, ಟೀ ಕುಡಿಸಿ, ಸಮಾಧಾನ ಹೇಳಿ ವಾಪಸ್ಸು ಕರೆತಂದ.

ಅವನ ಹೆಂಡತಿ ಪುಟ್ಟಮಲ್ಲಮ್ಮ ಕೇಳಿದ್ದು ಒಂದೇ ಮಾತು.

"ಟೌನಾದ್ರೆ ಒಲ್ದಲ್ಲಿ ಮಣ್ಣು ಮಾಡಕ್ಕೆ ಬುಡ್ತಾರಾ?"

"ದೀಪ ಬತ್ತದೆ ಕಣಮ್ಮಿ ಅಂದ್ರೆ ಸಾವಿನ ಮಾತಾಡ್ತೀಯಲ್ಲ!" ಎಂದು ಅವನು ನಕ್ಕುಬಿಟ್ಟ.

ಅವಳು ನಗಲಿಲ್ಲ. ಹೊಲದ ಅಂಚಿನ ಹೊಂಗೆಮರದ ಬುಡದಲ್ಲಿ ಅವಳ ಮೊದಲ ಮಗು ದಾನೇಶ್ವರಿ ಮಲಗಿತ್ತು. ಇನ್ನೂ ಸರಿಯಾಗಿ ಮಾತು ಬಾರದ ಕೂಸು, ಜ್ವರ ಬಂದು ಹೋಗಿಬಿಟ್ಟಿತ್ತು. ಅದಾದ ಮೇಲೆ ಸೋಮೇಶ ಹುಟ್ಟಿದ, ಬೆಳೆದ, ಮದುವೆಯೂ ಆಯಿತು. ಆದರೂ ಹೊಲಕ್ಕೆ ಹೋದಾಗೆಲ್ಲ ಪುಟ್ಟಮಲ್ಲಮ್ಮ ಬುತ್ತಿ ಬಿಚ್ಚುತ್ತಿದ್ದುದು ಆ ಮರದಡಿಯಲ್ಲೇ. ತಾನು ಸತ್ತರೆ ಮಗುವಿನ ಪಕ್ಕಕ್ಕೇ ಎಂದು ಅವಳು ಎಂದೋ ತೀರ್ಮಾನ ಮಾಡಿಕೊಂಡಿದ್ದಳು.

ಊರು ನಗರಸಭೆಗೆ ಸೇರಿತು. ಪಂಚಾಯಿತಿ ಕಚೇರಿಯ ಬೋರ್ಡು ಅಳಿಸಿ ವಾರ್ಡ್ ಕಚೇರಿ ಎಂದು ಬರೆದರು. ಮೀಸಲಾತಿಯ ತಕರಾರು ಕೋರ್ಟು ಹತ್ತಿ, ಚುನಾವಣೆಯೇ ನಡೆಯಲಿಲ್ಲ. ಹಳೆಯ ಮೆಂಬರಿಕೆ ಹೋಯಿತು, ಹೊಸ ಕೌನ್ಸಿಲರಿಕೆ ಬರಲಿಲ್ಲ. ಆದರೂ ಜನ ಅವನನ್ನು ಮೆಂಬರ್ರೇ ಎಂದೇ ಕರೆಯುತ್ತಿದ್ದರು, ಅವನೂ ತಿದ್ದಲು ಹೋಗಲಿಲ್ಲ. ಅಧಿಕಾರಿಗಳಿಗೂ ಊರಿನಲ್ಲಿ ಒಬ್ಬ ಮುಂದಾಳು ಬೇಕಾಗಿದ್ದ.

ಹೀಗಿರುವಾಗ ಕೂಲಿ ಮಾಡಿಕೊಂಡಿದ್ದ ಪುಟ್ಟಮಾದಯ್ಯ ತೀರಿಕೊಂಡ. ಅವನ ಮನೆಯವರು ಕೆರೆಯ ಹಿಂದಿನ ಖಾಲಿ ಜಾಗದಲ್ಲಿ, ತಮ್ಮ ಹಿರಿಯರ ಪಕ್ಕದಲ್ಲೇ ಗುಂಡಿ ತೋಡಲು ಶುರು ಮಾಡಿದರು. ಎದುರಿಗೆ ಎದ್ದಿದ್ದ ಹೊಸ ಲೇಔಟಿನವರು ನಗರಸಭೆಗೆ ಫೋನು ಮಾಡಿದರು, ನಗರಸಭೆಯವರು ಚಿಕ್ಕಮಲ್ಲಪ್ಪನಿಗೆ ಫೋನು ಮಾಡಿದರು. ಅವನು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಹೊರಟ.

"ನಿಲ್ಸ್ರಪ್ಪ. ಇದು ಈಗ ಸಿಟಿ. ಕಂಡಕಂಡಲ್ಲಿ ಊಳಂಗಿಲ್ಲ. ಪ್ಯಾಟೆ ಸ್ಮಶಾನಕ್ಕೆ ತಕ್ಕಂಡೋಗಿ, ವ್ಯಾನ್ ಕಳುಸ್ತರೆ."

ಪುಟ್ಟಮಾದಯ್ಯನ ಹೆಂಡತಿ ಪುಟ್ಟಸಿದ್ದಮ್ಮ ಕೈಮುಗಿದಳು. "ನಮ್ಮತ್ತೆ ಮಾವ ಎಲ್ಲಾ ಇಲ್ಲೇ ಅವ್ರೆ ಮೆಂಬರ್ರೇ. ಇವ್ರೊಬ್ರನ್ನ ಆಚೆ ಆಕ್ಬುಡ್ಬೇಡಿ."

"ಕಾನೂನು ಎಲ್ರಿಗೂ ಒಂದೇ ಕಣ ಸಿದ್ದಮ್ಮ," ಎಂದ ಅವನು. ಅಂದಾಗ ಅವನ ಎದೆ ಸ್ವಲ್ಪ ಉಬ್ಬಿತ್ತು. ಸುಳ್ಳೇಕೆ ಹೇಳಬೇಕು, ಉಬ್ಬಿತ್ತು. ಅರ್ಧ ತೋಡಿದ ಗುಂಡಿಗೆ ಅವರೇ ಮಣ್ಣು ಎಳೆದು ಮುಚ್ಚಿ, ಪುಟ್ಟಮಾದಯ್ಯನನ್ನು ವ್ಯಾನಿಗೆ ಏರಿಸಿದರು.

ಅಂದು ಪುಟ್ಟಮಲ್ಲಮ್ಮ ಮುದ್ದೆ ಬಡಿಸಿ ಎದುರಿಗೆ ಕೂತಳು. "ಆ ಕಾನೂನು ನಂಗೂ ಅದಾ?"

"ನಮ್ದು ಸ್ವಂತ ಒಲ. ನಿನ್ನ ಮಗಿನ ತಾವೇ ಮಡುಗ್ತೀನಿ. ಆಣೆ ಬೇಕಾ?"

"ಬ್ಯಾಡ. ನೀವಂದ್ರೆ ಸಾಕು," ಎಂದು ಅವಳು ಎದ್ದುಹೋದಳು.

ಮರುವರ್ಷದ ಬೇಸಿಗೆಯಲ್ಲಿ ಅವಳ ಮೂತ್ರಪಿಂಡಗಳು ಕೈಕೊಟ್ಟವು. ಡಯಾಲಿಸಿಸ್ಸಿಗೆಂದು ಚಾಮರಾಜನಗರಕ್ಕೆ ಓಡಾಡಿ ಓಡಾಡಿ ಜೀವ ಸಣ್ಣಗಾಗಿ, ಒಂದು ಬೆಳಗ್ಗೆ ಹೋಗಿಬಿಟ್ಟಳು. ಚಿಕ್ಕಮಲ್ಲಪ್ಪ ಅತ್ತ. ಜಗಲಿಯ ತುಂಬ ಜನ ಕೂತಿದ್ದರೂ ನಾಚಿಕೆ ಬಿಟ್ಟು ಅತ್ತ.

ಸೋಮೇಶ ಹೊಂಗೆಮರದಡಿ ಗುಂಡಿ ತೋಡಿಸತೊಡಗಿದ. ನಗರಸಭೆಯ ಅಧಿಕಾರಿಯೊಬ್ಬರು ತಾವಾಗಿಯೇ ಫೋನು ಮಾಡಿ, "ನೀವು ನಮ್ಮವರೇ ಅಲ್ವಾ ಮೆಂಬರ್ರೇ. ಬೇಗ ಮುಗಿಸಿಬಿಡಿ, ನಮಗೆ ಗೊತ್ತೇ ಇಲ್ಲ ಅಂದ್ಕೊಳ್ಳಿ," ಎಂದರು. ಎಲ್ಲವೂ ಸಲೀಸಾಗಿತ್ತು. ಸ್ವಾಮಿಗಳು ಬಂದರು, ವಿಭೂತಿ ಬಿಲ್ವಪತ್ರೆ ಬಂತು, ಅವಳನ್ನು ಹೂವಿನ ನಡುವೆ ಕೂರಿಸಿದರು.

ಆಗ ಪುಟ್ಟಸಿದ್ದಮ್ಮ ಬಂದಳು. ಎಷ್ಟೋ ವರ್ಷ ಪುಟ್ಟಮಲ್ಲಮ್ಮನ ಜೊತೆ ಅದೇ ಹೊಲದಲ್ಲಿ ಕಳೆ ಕಿತ್ತವಳು. ಕಾಲಿನ ಬಳಿ ಕೂತು ಗೋಳಾಡಿ, ಮೂಗು ಒರೆಸಿಕೊಂಡು, ಚಿಕ್ಕಮಲ್ಲಪ್ಪನ ಹತ್ತಿರ ಬಂದು ದನಿ ತಗ್ಗಿಸಿದಳು.

"ಅಮ್ಮನ್ನ ಕೂಸಿನ ತಾವೇ ಮಡ್ಗಿ ಅಪ್ಪ. ಯಾರ್ ಬಂದು ಕೇಳುದ್ರೂ ನಾವು ಬಾಯಿ ಬುಡಕಿಲ್ಲ. ನಮ್ಮ ಕೇರಿಯೋರ್ಗೂ ಏಳಿವ್ನಿ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬೈದಿದ್ದರೆ ತಿರುಗಿ ಬೈಯುತ್ತಿದ್ದ. ಇವಳು ನಿಜವಾಗಿಯೂ ಒಳ್ಳೆಯದನ್ನೇ ಬಯಸಿ ಹೇಳುತ್ತಿದ್ದಳು. ಚಿಕ್ಕಮಲ್ಲಪ್ಪನಿಗೆ ತಲೆಯೆತ್ತಲು ಆಗಲಿಲ್ಲ. ಹೆಂಡತಿಯ ಮುಖ ನೋಡಿದ. ಆಮೇಲೆ ಮಗನನ್ನು ಕರೆದ.

"ಗುಂಡಿ ಮುಚ್ಸು. ಪ್ಯಾಟೆಗೆ ಓಗನ."

"ತಲೆ ಕೆಟ್ಟೋಗದಾ ನಿಂಗೆ?" ಸೋಮೇಶ ಎಲ್ಲರೆದುರಿಗೇ ಕೂಗಿದ. "ಅವ್ವ ಜೀವಮಾನದಲ್ಲಿ ಕೇಳಿದ್ದು ಇದೊಂದೇ ಕಣಪ್ಪಾ!"

"ಗೊತ್ತು ಕಣ್ಲಾ."

"ಬ್ಯಾಡಿ ಅಪ್ಪ, ನನ್ನ ಮಾತಿಂದ ಇಂಗ್ ಮಾಡ್ಬೇಡಿ," ಎಂದು ಪುಟ್ಟಸಿದ್ದಮ್ಮ ಗಾಬರಿಯಾಗಿ ಅಳತೊಡಗಿದಳು. ನೆಂಟರು ಬುದ್ಧಿ ಹೇಳಿದರು, ಬೈದರು. ಅವನು ನಗರಸಭೆಗೆ ಫೋನು ಮಾಡಿ ವ್ಯಾನು ಕಳಿಸಿ ಎಂದ.

ನಗರಸಭೆಯ ವ್ಯಾನು ಬಂತು. ಪೇಟೆಯ ಸ್ಮಶಾನದಲ್ಲಿ, ಕಾಂಪೌಂಡಿಗೆ ತಾಗಿದಂತೆ, ಗುರುತು ಪರಿಚಯವಿಲ್ಲದವರ ನಡುವೆ ಪುಟ್ಟಮಲ್ಲಮ್ಮನನ್ನು ಇಳಿಸಿದರು. ಗೋಡೆಯಾಚೆ ಊಟಿ ಕಡೆಯ ಬಸ್ಸುಗಳು ಹಾರನ್ನು ಹೊಡೆಯುತ್ತಿದ್ದವು. ಸೋಮೇಶ ಮಣ್ಣು ಹಾಕಿ, ಅಪ್ಪನ ಮುಖ ನೋಡದೆ ಬೈಕು ಹತ್ತಿ ಹೋದ.

ಹೊತ್ತು ಇಳಿಯುವಾಗ ಚಿಕ್ಕಮಲ್ಲಪ್ಪ ಒಬ್ಬನೇ ಹೊಲಕ್ಕೆ ಬಂದ. ಹೊಂಗೆಮರದಡಿ ಮುಚ್ಚಿದ ಗುಂಡಿಯ ಮಣ್ಣು ಇನ್ನೂ ಹಸಿಯಾಗಿತ್ತು. ಅದರ ಪಕ್ಕದಲ್ಲಿ, ಒಂದು ಮಗು ಮಲಗುವಷ್ಟೇ ಜಾಗದಲ್ಲಿ, ಸಣ್ಣ ದಿಬ್ಬ. ಅವನು ಅದರ ಮುಂದೆ ಕೂತ. ದಿಬ್ಬದ ಮೇಲೆ ಉದುರಿದ್ದ ಹೊಂಗೆ ಎಲೆಗಳನ್ನು ಕೈಯಿಂದ ಸರಿಸಿದ.

"ನಿಮ್ಮವ್ವ ಬರಕಿಲ್ಲ ಕಣವ್ವಾ," ಎಂದ. "ಬತ್ತಿದ್ಲು. ನಾನೇ ಬುಡ್ನಿಲ್ಲ."